ತೊಂಬತ್ತಾರು ಸೆಕೆಂಡಿನ ಅಲೆ

ಜನವರಿ 18

ಸಣ್ಣಿ,

ಕ್ಷೇಮಸಮಾಚಾರ ಎಲ್ಲ ಆಮೇಲೆ. ಮೈಯೆಲ್ಲ ಉರೀತಿದೆ, ಮೊದಲು ಅದನ್ನ ಬರೀತೀನಿ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಬಂದರಿನ ಬಾಯಿ ಹತ್ತಿರ ಅಲೆ ತಡೆಯೋ ಹೊಸ ಗೋಡೆಗೆ ಕಟ್ಟಿದ್ದ ನೀಲಿ ಬೋಟಿನ ಹಗ್ಗ ಕಿತ್ತುಹೋಯ್ತು. ಆ ಹೊತ್ತಿಗೆ ಸರಿಯಾಗಿ ನಮ್ಮ ಕುಳ್ಳ ಬೋಟಿಂದ ಗೋಡೆಗೆ ಒಂದು ಕಾಲು ಇಟ್ಟಿದ್ದ. ಅದೇ, ಇಂಜಿನ್ ನೋಡಿಕೊಳ್ಳೋ ಕುಳ್ಳ, ನಿನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಬಂದರೆಲ್ಲ ಸುತ್ತಿಸ್ತಿದ್ದವನು. ಬೋಟು ಹಿಂದೆ ಸರೀತು, ಇವನು ಜಾರಿ ನಡುವೆ ಬಿದ್ದ, ಬೋಟು ತಿರುಗಿ ಬಂದು ಗೋಡೆಗೆ ಒತ್ತಿತು. ಎಡಗಾಲು ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದಾರೆ. ನಲವತ್ತೆಂಟು ವರ್ಷದ ಗಂಡಸು, ಇಷ್ಟಗಲ ಮಂಚದ ಮೇಲೆ ಗೋಡೆ ಕಡೆ ಮುಖ ಹಾಕಿ ಮಲಗಿದ್ದಾನೆ.

ಈಗ ಕೇಳು. ಮರುದಿನ ಬಂದರಿನ ಆಫೀಸರ್ ಹಗ್ಗದ ಕೋಣೆಗೆ ಬಂದ. ಕೂತ್ಕೊಳ್ಳಿ ಅಂದೆ, ಕೂರಲಿಲ್ಲ. ಹಗ್ಗ ಕೊಳೆತಿತ್ತು ಅಂತ ಬರೆದುಕೊಂಡೇ ಬಂದಿದ್ದ. ಕಿತ್ತ ತುಂಡು ಅವನ ಕೈಯಲ್ಲೇ ಇತ್ತು, ಅದರ ಕುಣಿಕೆಯಲ್ಲಿ ನನ್ನ ಗುರುತಿನ ತಗಡಿನ ಬಿಲ್ಲೆಯೂ ಇತ್ತು. ಮೂವತ್ತೊಂದು ವರ್ಷದಿಂದ ಈ ಬಂದರಿನ ಒಂದೊಂದು ಹಗ್ಗಕ್ಕೂ ಕುಣಿಕೆ ಹೆಣೆದಿರೋಳು ನಾನು. ಕೊಳೆತ ಹಗ್ಗ ಹೇಗಿರುತ್ತೆ ಅಂತ ಇವನು ನನಗೆ ಹೇಳಿಕೊಡ್ತಾನೆ. ಕೊಳೆತಿದ್ದು ಹಿಸುಕಿದ್ರೆ ಪುಡಿ ಉದುರುತ್ತೆ. ಇದರ ತುದಿ ಬಿಸಿಗೆ ಕರಗಿ ಕಲ್ಲಿನ ಥರ ಗಂಟು ಕಟ್ಟಿದೆ. ಗಟ್ಟಿ ಹಗ್ಗ ವಿಪರೀತ ಎಳೆತಕ್ಕೆ ಕಿತ್ತರೆ ಮಾತ್ರ ಹಾಗಾಗೋದು. ಇದನ್ನ ಬಿಡಿಸಿ ಹೇಳಿದೆ. ಕೈಗಡಿಯಾರ ನೋಡಿಕೊಂಡ.

ಕೋಣೆಗೆ ಬೀಗ ಹಾಕಿದ್ದಾರೆ. ಮಾರ್ಚ್ ಇಪ್ಪತ್ತಕ್ಕೆ ವಿಚಾರಣೆಯಂತೆ. ಅಲ್ಲೀತನಕ ಒಂದು ದಾರ ಕೂಡ ಮುಟ್ಟಬಾರದು ಅಂತ ಹುಕುಂ. ಹೊಸ ಗೋಡೆ ಬಂದ ಎಂಟು ತಿಂಗಳಲ್ಲಿ ಇದಕ್ಕೆ ಮುಂಚೆ ಹನ್ನೊಂದು ಹಗ್ಗ ಕಿತ್ತಿದೆ, ಹನ್ನೊಂದು ಸಲವೂ ನಾನು ಬರೆದುಕೊಟ್ಟಿದ್ದೀನಿ, ಹನ್ನೊಂದು ಚೀಟಿ ಮೇಲೂ "ಗಮನಿಸಲಾಗಿದೆ" ಅಂತ ಅವನದೇ ಸಹಿ. ಗಮನಿಸಿ ಏನು ಮಾಡಿದ ಮಹಾರಾಯ? ಈಗ ಗೂಬೆ ನನ್ನ ತಲೆ ಮೇಲೆ.

ನನ್ನ ತಲೆಗೆ ಹೋಗದೇ ಇರೋದು ಒಂದೇ. ಅವತ್ತು ಗಾಳಿ ಇರಲಿಲ್ಲ. ನೀರು ಹಾಸಿದ ಬಟ್ಟೆ ಥರ ಇತ್ತು. ಹೊಸ ಗೋಡೆ ಪಕ್ಕದ ಅಳತೆ ಕಂಬದಲ್ಲಿ ನೀರು ಒಂದು ಬೆರಳೂ ಏರಿಲ್ಲ ಇಳಿದಿಲ್ಲ ಅಂತ ಅವರ ಪುಸ್ತಕದಲ್ಲೂ ಇದೆ. ಅಲೆಯೇ ಇಲ್ಲ ಅಂದಮೇಲೆ ಅಷ್ಟು ದಪ್ಪ ಹಗ್ಗವನ್ನ ಎಳೆದಿದ್ದು ಯಾವುದು? ಬೆಳಗಾದರೆ ಅಲೆ, ಬೈಗಾದರೆ ಅಲೆ ಅಂತ ಆ ಪ್ರಯೋಗಾಲಯದಲ್ಲಿ ಕೂತಿದ್ದೀಯಲ್ಲ, ನೀನೇ ಹೇಳು. ಓದಿಸಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ನಿನ್ನ
ದೊಡ್ಡಮ್ಮ


ಜನವರಿ 27

ದೊಡ್ಡಮ್ಮ,

ಕುಳ್ಳ ಮಾವನ ವಿಷಯ ಓದಿ ಎರಡು ದಿನ ಏನೂ ಬರೆಯಲು ಆಗಲಿಲ್ಲ. ನೀನು ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುತ್ತೇನೆ.

ಅಲೆ ಇತ್ತು. ನಿಮ್ಮ ಯಾರ ಕಣ್ಣಿಗೂ ಕಂಡಿಲ್ಲ ಅಷ್ಟೇ. ನಾವು ದಡದಲ್ಲಿ ನೋಡುವ ಅಲೆ ಎಂಟು ಹತ್ತು ಸೆಕೆಂಡಿಗೊಮ್ಮೆ ಬಂದು ಬಡಿಯುತ್ತದೆ. ಅದರ ಜೊತೆಗೇ ಇನ್ನೊಂದು ಬಗೆಯದು ಬರುತ್ತದೆ, ತುಂಬಾ ನಿಧಾನದ್ದು. ಅದರ ಒಂದು ಏರಿನಿಂದ ಮುಂದಿನ ಏರಿಗೆ ಮುಕ್ಕಾಲು ಕಿಲೋಮೀಟರ್ ದೂರ ಇರಬಹುದು, ಎತ್ತರ ಮಾತ್ರ ಕೆಲವೇ ಬೆರಳು. ಅಷ್ಟು ಉದ್ದಕ್ಕೆ ಅಷ್ಟು ತಗ್ಗಾಗಿ ಹರಡಿಕೊಂಡಿದ್ದನ್ನು ಅಲೆ ಅಂತ ಯಾರೂ ಗುರುತಿಸುವುದಿಲ್ಲ. ದೂರದಲ್ಲೆಲ್ಲೋ ಬಿರುಗಾಳಿ ಎದ್ದರೆ ಇಲ್ಲಿ ಗಾಳಿಯೇ ಇಲ್ಲದ ದಿನವೂ ಅದು ಬರುತ್ತದೆ.

ಬರೀ ಅದೊಂದೇ ಆಗಿದ್ದರೆ ಹಗ್ಗ ಕಿತ್ತುಹೋಗುತ್ತಿರಲಿಲ್ಲ. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ ಎತ್ತಿಕೊಂಡು ನಡೆಯುವುದನ್ನು ನೆನಪಿಸಿಕೋ. ಬೇಗ ನಡೆದರೂ ಚೆಲ್ಲುವುದಿಲ್ಲ, ನಿಧಾನ ನಡೆದರೂ ಚೆಲ್ಲುವುದಿಲ್ಲ, ನಡುವಿನ ಒಂದು ನಡಿಗೆಗೆ ಮಾತ್ರ ನೀರು ಅತ್ತ ಇತ್ತ ತೂಗಿ ಮೈಮೇಲೆ ಬೀಳುತ್ತದೆ. ಪ್ರತಿ ಬೋಗುಣಿಯ ನೀರಿಗೂ ತೂಗಲು ತನ್ನದೇ ಒಂದು ಅವಧಿ ಇದೆ. ಹೆಜ್ಜೆ ಅದಕ್ಕೆ ಸರಿಯಾಗಿ ಕೂಡಿಬಿಟ್ಟರೆ ಪ್ರತಿ ಹೆಜ್ಜೆಯೂ ಹಿಂದಿನದಕ್ಕೆ ಸೇರಿಕೊಳ್ಳುತ್ತಾ ಹೋಗುತ್ತದೆ. ಇದಕ್ಕೆ ನಾವು ಅನುರಣನ ಅನ್ನುತ್ತೇವೆ. ಬಂದರೂ ಒಂದು ಬೋಗುಣಿಯೇ. ಹೊಸ ಗೋಡೆ ಕಟ್ಟಿ ಅದನ್ನು ಉದ್ದ ಮಾಡಿದ್ದಾರೆ, ಅದರ ಅವಧಿ ಬದಲಾಗಿದೆ. ಹೊಸ ಅವಧಿ ಆ ನಿಧಾನದ ಅಲೆಗೆ ಕೂಡಿರಬೇಕು ಅಂತ ನನ್ನ ಅನುಮಾನ.

ಹಾಗಿದ್ದರೆ ಒಂದು ವಿಚಿತ್ರ ಕಾಣಬೇಕು. ನೀರು ಏರಿ ಇಳಿಯುವುದು ಒಳತುದಿಯಲ್ಲಿ, ಕಲ್ಲಿನ ಮೆಟ್ಟಿಲ ಹತ್ತಿರ. ಬಾಯಿಯ ಹತ್ತಿರ ಮಟ್ಟ ಬದಲಾಗುವುದೇ ಇಲ್ಲ, ಅಲ್ಲಿ ನೀರು ಅಡ್ಡಡ್ಡ ಒಳಗೆ ಹೊರಗೆ ಹರಿದಾಡುತ್ತದೆ. ಅಳತೆ ಕಂಬ ನೆಟ್ಟಿರುವುದು ಅಲ್ಲೇ. ಅದು ಮಟ್ಟವನ್ನು ಅಳೆಯುತ್ತದೆಯೇ ಹೊರತು ಹರಿವನ್ನು ಅಳೆಯುವುದಿಲ್ಲ. ಬೋಟುಗಳನ್ನು ಎಳೆಯುವುದು ಆ ಹರಿವು.

ಊಹೆಯನ್ನು ನಂಬಬೇಡ, ಎಣಿಸು. ಮೆಟ್ಟಿಲ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ನೀರು ಏರಿ ಇಳಿದು ಮತ್ತೆ ಏರಲು ಎಷ್ಟು ಹೊತ್ತು ಅಂತ ಹತ್ತು ಸಲ ಎಣಿಸಿ ಬರೆ. ಬಾಯಿಯ ಹತ್ತಿರದ ಬೋಟು ಎಷ್ಟು ಹೆಜ್ಜೆ ಓಡಾಡುತ್ತದೆ ಅಂತಲೂ ನೋಡು.

ನಿನ್ನ
ಸಣ್ಣಿ


ಫೆಬ್ರವರಿ 6

ಸಣ್ಣಿ,

ಎಣಿಸಿದೆ. ಮೂರು ದಿನ, ದಿನಕ್ಕೆ ಎರಡು ಹೊತ್ತು. ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ಮಂಡಿ ಹಿಡಕೊಂಡಿದೆ, ಮೀನಿನ ಬುಟ್ಟಿ ಹೊರೋ ಹೆಂಗಸರೆಲ್ಲ ಅಯ್ಯೋ ಪಾಪ, ಕೆಲಸ ಹೋಗಿ ತಲೆ ಕೆಟ್ಟಿದೆ ಅಂತ ಮಾತಾಡಿಕೊಂಡರು. ಮಾತಾಡಿಕೊಳ್ಳಲಿ.

ಹತ್ತು ಸಲ ಏರಿ ಇಳಿಯೋಕೆ ಸರಿಯಾಗಿ ಹದಿನಾರು ನಿಮಿಷ. ಮೊದಲ ದಿನವೂ ಅಷ್ಟೇ, ಮೂರನೇ ದಿನವೂ ಅಷ್ಟೇ. ಅಂದರೆ ಒಂದಕ್ಕೆ ತೊಂಬತ್ತಾರು ಸೆಕೆಂಡು. ಮೆಟ್ಟಿಲಲ್ಲಿ ನೀರು ಒಂದು ಗೇಣು ಏರುತ್ತೆ, ಒಂದು ಗೇಣು ಇಳಿಯುತ್ತೆ, ಸದ್ದಿಲ್ಲ ಗದ್ದಲ ಇಲ್ಲ, ಕಳ್ಳನ ಥರ. ಅದೇ ಹೊತ್ತಲ್ಲಿ ಕಂಬದ ಹತ್ತಿರ ಹೋಗಿ ನೋಡಿದರೆ ಏನೂ ಇಲ್ಲ. ಆದರೆ ಅದರ ಪಕ್ಕದ ಬೋಟು ಹಗ್ಗ ಸಡಿಲ ಇದ್ದಷ್ಟೂ ನಾಲ್ಕು ಹೆಜ್ಜೆ ಆಚೆ ಹೋಗುತ್ತೆ, ನಾಲ್ಕು ಹೆಜ್ಜೆ ಈಚೆ ಬರುತ್ತೆ. ಹಗ್ಗ ಮುಗಿದ ಕಡೆ ಜಗ್ಗಿ ನಿಲ್ಲುತ್ತೆ, ಗೂಟ ಕಿರ್ ಅನ್ನುತ್ತೆ. ಮೂವತ್ತೊಂದು ವರ್ಷ ಇಲ್ಲೇ ಇದ್ದು ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ನಾಚಿಕೆ ಆಯ್ತು. ಹೊಸ ಗೋಡೆಗೆ ಮುಂಚೆ ಇರಲಿಲ್ಲ ಅನ್ನೋದೂ ನಿಜ.

ಎಲ್ಲ ಬರೆದುಕೊಂಡು ಆಫೀಸರ್ ಹತ್ತಿರ ಹೋದೆ. ಓದಲೂ ಇಲ್ಲ. ಕಪಾಟಿಂದ ದಪ್ಪನೆ ವರದಿ ತೆಗೆದು ಮೇಜಿನ ಮೇಲೆ ಕುಕ್ಕಿದ. ಗೋಡೆ ಕಟ್ಟೋ ಮುಂಚೆ ಬಂದರಿನ ಮಾದರಿ ಮಾಡಿ, ನೀರಿನ ತೊಟ್ಟಿಯಲ್ಲಿಟ್ಟು, ಅಲೆ ಎಬ್ಬಿಸಿ ಪರೀಕ್ಷೆ ಮಾಡಿದ್ದಾರಂತೆ. ಒಳಗೆ ನೀರು ನಿಶ್ಚಲ ಅಂತ ವಿಜ್ಞಾನಿಗಳೇ ಬರೆದಿದ್ದಾರಂತೆ. ಹಗ್ಗ ಹೆಣೆಯೋರು ವಿಜ್ಞಾನ ಹೇಳೋಕೆ ಬರಬೇಡಿ ಅಂದ. ನನಗೆ ಬಂದ ಸಿಟ್ಟಿಗೆ ಆ ವರದಿ ತಗೊಂಡು ಅವನ ತಲೆ ಮೇಲೇ ಕುಕ್ಕಬೇಕು ಅನ್ನಿಸ್ತು.

ರಟ್ಟಿನ ಮೇಲೆ ನಿನ್ನ ಪ್ರಯೋಗಾಲಯದ ಹೆಸರಿದೆ ಕಣೇ. ಕೆಳಗೆ ನಿನ್ನ ನಿರ್ದೇಶಕರ ಸಹಿ. ನಿಮ್ಮಲ್ಲೇ ಯಾರೋ ಒಬ್ಬ ಕಣ್ಣು ಮುಚ್ಚಿಕೊಂಡು ಬರೆದು ಬಿಸಾಕಿದ್ದಾನೆ. ಅವನು ಯಾರು ಅಂತ ಹುಡುಕಿ, ಕಿವಿ ಹಿಂಡಿ ವಿಚಾರಣೆಗೆ ಕರೆತಾ. ನಾನು ಹೇಳಿದರೆ ಕೇಳಲ್ಲ, ಬರೆದವನೇ ಬಂದು ತಪ್ಪಾಯ್ತು ಅಂದರೆ ಕೇಳಲೇಬೇಕು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕುಳ್ಳ ಮುಖ ತಿರುಗಿಸದೇ ಕೇಳಿದ, "ಅಕ್ಕಾ, ಹಗ್ಗ ಕೊಳೆತಿತ್ತಾ?" ಇಲ್ಲ ಕಣೋ ಅಂದೆ. ಹೂಂ ಅಂದ. ನಂಬಿದ ಹಾಗೆ ಕಾಣಲಿಲ್ಲ. ಬೀಗ ಹಾಕಿದ್ದು ನನಗೆ ಅಷ್ಟು ಚುಚ್ಚಿಲ್ಲ, ಅವನ ಆ ಹೂಂ ಚುಚ್ಚಿದೆ.

ನಿನ್ನ
ದೊಡ್ಡಮ್ಮ


ಫೆಬ್ರವರಿ 24

ಸಣ್ಣಿ,

ಹದಿನೆಂಟು ದಿನ ಆಯ್ತು. ಅಂಚೆಯವನು ನನ್ನ ಮುಖ ಕಂಡರೆ ಸೈಕಲ್ ತಿರುಗಿಸಿಕೊಂಡು ಹೋಗ್ತಾನೆ. ಪಾಠ ಹೇಳೋವಾಗ ನಾಲ್ಕು ಪುಟ, ಒಂದು ಹೆಸರು ಹೇಳು ಅಂದರೆ ಉಸಿರೇ ಇಲ್ಲ. ಅಲ್ಲಿ ಯಾರಿಗೆ ಹೆದರಿಕೊಂಡಿದ್ದೀಯ? ಜೊತೆಗೆ ಕೆಲಸ ಮಾಡೋನು, ಬಿಟ್ಟುಕೊಡಬಾರದು ಅಂತಾನಾ? ಹಾಗಾದರೆ ಇಲ್ಲಿ ಕಾಲು ಹೋದವನು ನಿನಗೆ ಏನೂ ಅಲ್ಲವಾ, ಹೆಸರು ಹೋದ ನಾನು ಏನೂ ಅಲ್ಲವಾ? ನಿನ್ನಮ್ಮ ಹೋದಾಗ ನಿನಗೆ ಆರು ವರ್ಷ. ಅವತ್ತಿಂದ ಒಂದು ಸುಳ್ಳು ಹೇಳಿದವಳಲ್ಲ ನೀನು. ಸುಮ್ಮನಿರೋದನ್ನ ಎಲ್ಲಿ ಕಲಿತೆ?

ದೊಡ್ಡಮ್ಮ


ಮಾರ್ಚ್ 4

ದೊಡ್ಡಮ್ಮ,

ಬರೆದವನು ಯಾರು ಅಂತ ಕೇಳಿದ್ದೀಯ. ಬರೆದವಳು ನಾನು.

ನಿನ್ನ ಮೊದಲ ಪತ್ರ ಓದಿದಾಗಲೇ ನನಗೆ ಗೊತ್ತಿತ್ತು. ಎಣಿಸು ಅಂತ ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸಿದ್ದು, ಬೇರೆ ಯಾವುದಾದರೂ ಲೆಕ್ಕ ಬರಲಿ ಅನ್ನುವ ಆಸೆಯಿಂದ. ತೊಂಬತ್ತಾರು ಅಂತ ಬಂತು. ಎಂಟರಿಂದ ಭಾಗಿಸಿದೆ, ಹನ್ನೆರಡು.

ಹನ್ನೆರಡು ಏನು ಅಂತ ಹೇಳುತ್ತೇನೆ. ನಮ್ಮ ಮಾದರಿಯಲ್ಲಿ ಬಂದರು ಅರವತ್ತನಾಲ್ಕರಲ್ಲಿ ಒಂದು ಪಾಲು. ಹಾಗೆ ಚಿಕ್ಕದು ಮಾಡಿದರೆ ಹೊತ್ತು ಎಂಟರಲ್ಲಿ ಒಂದು ಪಾಲು ಆಗುತ್ತದೆ. ನಿಮ್ಮ ತೊಂಬತ್ತಾರು ಸೆಕೆಂಡು ನಮ್ಮ ತೊಟ್ಟಿಯಲ್ಲಿ ಹನ್ನೆರಡು ಸೆಕೆಂಡು. ನಮ್ಮ ತೊಟ್ಟಿಯೂ ಒಂದು ಬೋಗುಣಿ ತಾನೇ, ಅದರ ನೀರೂ ತೂಗುತ್ತದೆ, ಅದರ ಸ್ವಂತ ಅವಧಿಯೂ ಹನ್ನೆರಡರ ಆಸುಪಾಸು. ಆ ತೂಗಾಟ ತೊಟ್ಟಿಯ ದೋಷ, ಸಮುದ್ರದ್ದಲ್ಲ. ಹಾಗಾಗಿ ಇಲ್ಲಿ ಸೇರಿದ ಮೊದಲ ವಾರವೇ ಹೇಳಿಕೊಡುವ ನಿಯಮ ಏನೆಂದರೆ, ಹತ್ತು ಸೆಕೆಂಡಿಗಿಂತ ನಿಧಾನವಾದದ್ದು ಏನು ಕಂಡರೂ ದಾಖಲೆಯಿಂದ ಕಡಿದು ಹಾಕಿ. ಎಲ್ಲರೂ ಕಡಿಯುತ್ತಾರೆ. ನಾನೂ ಕಡಿದೆ. ತೊಟ್ಟಿಯ ಕೊಳೆ ತೊಳೆಯುತ್ತಿದ್ದೇನೆ ಅಂದುಕೊಂಡು ನಿಮ್ಮ ಬಂದರಿನ ಅಲೆಯನ್ನೇ ಅಳಿಸಿ ಹಾಕಿದೆ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದೆ ಅನ್ನಬಹುದಿತ್ತು. ಮಾದರಿ ಇಡದೆ ಬರೀ ತೊಟ್ಟಿಯಲ್ಲಿ ಅಲೆ ಎಬ್ಬಿಸಿದಾಗ ಆ ತೂಗಾಟ ಒಂದು ಕೂದಲಷ್ಟು ಇತ್ತು. ಮಾದರಿ ಇಟ್ಟಾಗ ಒಳತುದಿಯಲ್ಲಿ ಅದರ ಮೂರರಷ್ಟು ಆಯಿತು. ನಾನು ನೋಡಿದೆ. ನಿರ್ದೇಶಕರ ಕೋಣೆಗೆ ಹೋಗಿ, ಇದು ಯಾಕೋ ದೊಡ್ಡದಿದೆ, ಇನ್ನೊಮ್ಮೆ ಪರೀಕ್ಷಿಸಲಾ ಅಂತ ಕೇಳಿದೆ. "ತೊಟ್ಟಿಯದೇ. ಕಡಿದು ಕಳಿಸು, ಅವರು ಕಾಯ್ತಿದ್ದಾರೆ" ಅಂದರು. ಸರಿ ಸಾರ್ ಅಂದು ಬಂದು ಕಡಿದೆ. ಅದು ಯಾವ ಬಂದರು ಅಂತ ನನಗೆ ಗೊತ್ತಿತ್ತು ದೊಡ್ಡಮ್ಮ. ಮಾದರಿಯಲ್ಲಿ ನಿನ್ನ ಹಗ್ಗದ ಕೋಣೆ ಬೆಂಕಿಪೆಟ್ಟಿಗೆಯಷ್ಟು ಇತ್ತು. ಅದನ್ನು ಮರದಲ್ಲಿ ಕೊರೆದು ಇಟ್ಟವಳೇ ನಾನು.

ಮೊನ್ನೆ ಮತ್ತೆ ಅವರ ಕೋಣೆಗೆ ಹೋದೆ. ನಿನ್ನ ಲೆಕ್ಕ ಇಟ್ಟೆ, ಕಡಿಯುವ ಮುಂಚಿನ ದಾಖಲೆ ಇಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದು ಹಗ್ಗದ ವಿಚಾರಣೆ, ನೀರನ್ನು ಯಾಕೆ ತರುತ್ತೀಯ ಅಂದರು. ಈ ನಿಯಮದಲ್ಲಿ ಪರೀಕ್ಷೆಯಾದ ಬಂದರುಗಳು ಇನ್ನೂ ಒಂಬತ್ತು ಇವೆ ಅಂತಲೂ ಅವರೇ ಹೇಳಿದರು, ಬಾಯಿ ಮುಚ್ಚಿಕೊಂಡಿರಲು ಅದೊಂದು ಕಾರಣ ಅನ್ನುವ ಹಾಗೆ. ನನಗೆ ಕೋಪ ಬಂತು, ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಹೊರಗೆ ಬಂದು ಬಚ್ಚಲಲ್ಲಿ ಮುಖ ತೊಳೆದುಕೊಂಡೆ.

ಇಪ್ಪತ್ತಕ್ಕೆ ಬರುತ್ತೇನೆ. ಕಡಿಯದ ದಾಖಲೆ ತರುತ್ತೇನೆ. ಕೆಲಸ ಉಳಿಯುವುದಿಲ್ಲ, ಅದು ಇರಲಿ. ನಿನ್ನ ಮುಖ ಹೇಗೆ ನೋಡಲಿ ಅನ್ನುವುದೇ ಗೊತ್ತಾಗುತ್ತಿಲ್ಲ.

ಸಣ್ಣಿ


ಮಾರ್ಚ್ 9

ನಿನ್ನ ಪತ್ರ ಬಂತು. ಮೂರು ಸಲ ಓದಿದೆ. ಮೊದಲ ಸಲ ಹರಿದು ಹಾಕೋಣ ಅಂತ ಎತ್ತಿಕೊಂಡಿದ್ದೆ.

ಒಂದು ತಿಂಗಳು ನಾನು ಯಾವನೋ ಒಬ್ಬನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೀನಿ. ಆ ಬೈಗಳೆಲ್ಲ ಓದಿಕೊಂಡು ನೀನು ಅಲ್ಲಿ ತೆಪ್ಪಗೆ ಕೂತಿದ್ದೆ. ತಪ್ಪು ಮಾಡಿದ್ದನ್ನ ಹೇಗಾದರೂ ನುಂಗಿಕೊಳ್ಳಬಹುದಿತ್ತೇನೋ. ಬೋಗುಣಿ ಕಥೆ ಹೇಳಿ, ಎಣಿಸು ಅಂತ ನನ್ನನ್ನ ಮೆಟ್ಟಿಲ ಮೇಲೆ ಕೂರಿಸಿದೆಯಲ್ಲ, ಅದನ್ನ ನುಂಗೋಕೆ ಆಗ್ತಿಲ್ಲ.

ಹತ್ತು ಗಂಟೆಗೆ, ಆಫೀಸಿನ ಮಹಡಿ ಮೇಲೆ. ಹೊತ್ತಿಗೆ ಸರಿಯಾಗಿ ಬಾ.


ಮಾರ್ಚ್ 23

ಸಣ್ಣಿ,

ನೀನು ಹೇಳೋದು ಹೇಳಿ ಮುಗಿಸಿ, ಯಾರ ಮುಖಾನೂ ನೋಡದೇ ಮೆಟ್ಟಿಲಿಳಿದು ಹನ್ನೆರಡರ ಬಸ್ಸು ಹತ್ತಿಬಿಟ್ಟೆ. ಮಧ್ಯಾಹ್ನದ ಮೇಲೆ ಅಲ್ಲಿ ಏನಾಯ್ತು ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗಬೇಕು, ಅದಕ್ಕೇ ಬರೀತಿದ್ದೀನಿ.

ನೀನು ಚೆನ್ನಾಗೇ ಹೇಳಿದೆ. ಗಡಸು ಪದ ಹಾಕಲಿಲ್ಲ, ಕಡಿಯದ ದಾಖಲೆಯ ಆ ಉದ್ದದ ಕಾಗದ ಬಿಚ್ಚಿ ಮೇಜಿನ ಮೇಲೆ ಹಾಸಿದಾಗ ವಿಚಾರಣಾಧಿಕಾರಿಯೇ ಎದ್ದು ನಿಂತು ಬಗ್ಗಿ ನೋಡಿದರು. ಕಡಿದಿದ್ದು ನಾನು, ತಪ್ಪು ನನ್ನದು ಅಂದೆ. ಅಷ್ಟಕ್ಕೇ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ? ನಿರ್ದೇಶಕರನ್ನ ಕೇಳಿದ್ದೆ, ಅವರು ಕಡಿ ಅಂದರು ಅನ್ನೋದು ಎಲ್ಲಿ ಹೋಯ್ತು? ನಿನ್ನೆದುರಿಗೇ ಮೂರು ಕುರ್ಚಿ ಆಚೆ ಕೂತಿದ್ದರಲ್ಲ ಆ ಮನುಷ್ಯ, ಹೊಳೆಯೋ ಬೂಟು ಹಾಕಿಕೊಂಡು. ಕೆಟ್ಟವಳಾಗೋಕೆ ಹೊರಟರೆ ಒಬ್ಬಳೇ ಆಗಬೇಕು ಅಂತ ಏನಾದರೂ ಹರಕೆ ಹೊತ್ತಿದ್ದೀಯಾ?

ಮೂರು ಗಂಟೆಗೆ ತೀರ್ಮಾನ ಓದಿದರು. ಹಗ್ಗ ಗಟ್ಟಿಯಾಗಿತ್ತು, ಹೆಣೆದವಳ ತಪ್ಪಿಲ್ಲ, ಅವಳ ಕೋಣೆ ಅವಳಿಗೆ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲಿನ ಸಾಲು ಓದಿದರು. ಅನುಭವ ಸಾಲದ ಕಿರಿಯ ಉದ್ಯೋಗಿಯೊಬ್ಬಳು ಸ್ವಂತ ತೀರ್ಮಾನದಿಂದ ದಾಖಲೆ ತಿದ್ದಿದ್ದೇ ಅನಾಹುತಕ್ಕೆ ಏಕೈಕ ಕಾರಣ. ಏಕೈಕ ಅಂತೆ. ನಿರ್ದೇಶಕರು ತಲೆ ಆಡಿಸಿದರು. ಆಫೀಸರ್ ನನ್ನ ಕಡೆ ನೋಡಿ, ಸಂತೋಷವಾಯ್ತಲ್ಲ ಅನ್ನೋ ಹಾಗೆ ನಕ್ಕ. ಇಲ್ಲಿ ಸಹಿ ಮಾಡಿ, ಬೀಗದ ಕೈ ತಗೊಳ್ಳಿ ಅಂತ ಕಾಗದ ಮುಂದಿಟ್ಟರು.

ನಾನು ಪೆನ್ನು ಕೆಳಗಿಟ್ಟೆ. ಎರಡು ತಿಂಗಳು ನನ್ನ ತಲೆ ಮೇಲೆ ಕೂತಿದ್ದ ಗೂಬೇನ ಎತ್ತಿ ನಿನ್ನ ತಲೆ ಮೇಲೆ ಕೂರಿಸಿ, ಅದಕ್ಕೆ ನನ್ನ ಕೈಯಿಂದಲೇ ಸಹಿ ಹಾಕಿಸೋಕೆ ಹೊರಟಿದ್ದರು. ಎದ್ದು ನಿಂತೆ. ಚೀಲದಿಂದ ನಿನ್ನ ಮಾರ್ಚ್ ನಾಲ್ಕರ ಪತ್ರ ತೆಗೆದೆ. ನಿನ್ನನ್ನ ಕೇಳಲಿಲ್ಲ, ಕೇಳೋದೂ ಇಲ್ಲ. "ತೊಟ್ಟಿಯದೇ, ಕಡಿದು ಕಳಿಸು, ಅವರು ಕಾಯ್ತಿದ್ದಾರೆ" ಅನ್ನೋದನ್ನ ಎರಡು ಸಲ ಓದಿದೆ. ಒಂಬತ್ತು ಬಂದರಿನ ಮಾತನ್ನೂ ಓದಿದೆ. ಅದಾದಮೇಲೆ ನನ್ನ ಹನ್ನೊಂದು ಚೀಟಿ ಒಂದೊಂದಾಗಿ ಮೇಜಿನ ಮೇಲೆ ಇಟ್ಟೆ, ಆಫೀಸರ್ ಸಹಿ ಮೇಲೆ ಬರೋ ಹಾಗೆ. ಅವನು ಕೈ ಚಾಚಿದ. ಮುಟ್ಟಬೇಡಿ ಅಂದೆ, ಮುಟ್ಟಲಿಲ್ಲ. ನಿರ್ದೇಶಕರಿಗೆ ಅಂಥ ಮಾತು ಆಡಿದ್ದು ನೆನಪಿಲ್ಲವಂತೆ. ನೆನಪಾಗೋ ತನಕ ಇಲ್ಲೇ ಕೂತಿರ್ತೀನಿ, ನನಗೆ ಹೇಗೂ ಕೆಲಸ ಇಲ್ಲವಲ್ಲ ಅಂದೆ.

ವಿಚಾರಣಾಧಿಕಾರಿ ಆ ಏಕೈಕ ಅನ್ನೋ ಸಾಲು ತಡೆ ಹಿಡಿದಿದ್ದಾರೆ. ಏಪ್ರಿಲ್ ಹದಿನೇಳಕ್ಕೆ ಮತ್ತೆ ವಿಚಾರಣೆ, ಪ್ರಯೋಗಾಲಯದ ಎಲ್ಲ ದಾಖಲೆ ತರಬೇಕು ಅಂತ ಆಜ್ಞೆ. ಒಂಬತ್ತೂ ಬಂದರಿಗೆ ಅವತ್ತೇ ತಂತಿ ಹೋಯ್ತು. ನನ್ನ ಕೋಣೆಗೆ ಬೀಗ ಹಾಗೇ ಇದೆ. ಸಹಿ ಮಾಡಲಿಲ್ಲವಲ್ಲ. ಇರಲಿ ಬಿಡು, ಅಂಗಳದಲ್ಲಿ ಕೂತು ಹೆಣೀತೀನಿ.

ಇದೆಲ್ಲ ಓದಿ ದೊಡ್ಡಮ್ಮ ಕ್ಷಮಿಸಿಬಿಟ್ಟಳು ಅಂದುಕೊಂಡು ಕಣ್ಣೊರೆಸಿಕೊಳ್ಳೋಕೆ ಹೋಗಬೇಡ. ನನ್ನ ಸಿಟ್ಟು ಇಳಿದಿಲ್ಲ. ಸರಿ ಸಾರ್ ಅಂದೆಯಲ್ಲ, ಆ ಮಾತು ನೆನಪಾದಾಗೆಲ್ಲ ಕಪಾಳಕ್ಕೆ ಬಾರಿಸೋಣ ಅನ್ನಿಸುತ್ತೆ. ನಿನ್ನ ತಪ್ಪಿಗೆ ನಿನ್ನನ್ನ ಬೈಯೋಕೆ ನಾನಿದ್ದೀನಿ. ತಮ್ಮ ತಪ್ಪೂ ಸೇರಿಸಿ ನಿನ್ನ ಮೇಲೆ ಹೇರೋಕೆ ಅವರು ಯಾರು?

ನಾನು ಕ್ಷಮಿಸಿದರೂ ಬಿಟ್ಟರೂ ಅದು ದೊಡ್ಡದಲ್ಲ. ಕಾಲು ಹೋಗಿರೋದು ನನ್ನದಲ್ಲ. ಕುಳ್ಳನನ್ನ ಮನೆಗೆ ಕರೆತಂದಿದ್ದಾರೆ. ಹಗ್ಗ ಕೊಳೆತಿರಲಿಲ್ಲ ಅಂತಿರೋ ತೀರ್ಮಾನದ ಮೊದಲ ಹಾಳೆ ತೋರಿಸಿದೆ, ಓದಿ ಮಡಿಸಿ ಕೊಟ್ಟ. ಹಾಗಾದರೆ ಯಾರು ಅಂತ ಕೇಳಿದ. ನಿನ್ನ ಹೆಸರು ನನ್ನ ಬಾಯಿಂದ ಬರಲಿಲ್ಲ. ಅದನ್ನ ನೀನೇ ಹೇಳಬೇಕು, ಅವನ ಮುಂದೆ ನಿಂತು, ಕಾಗದ ಬರೆಯೋದಲ್ಲ.

ಭಾನುವಾರ ಬಾ. ಅವನು ಬಾಗಿಲು ತೆಗೀತಾನೋ, ತೆಗೆದು ಮುಖದ ಮೇಲೇ ಹಾಕ್ತಾನೋ, ನನಗೆ ಗೊತ್ತಿಲ್ಲ. ಏನೇ ಮಾಡಿದರೂ ಅದು ಅವನ ಹಕ್ಕು. ತಟ್ಟೋದು ನೀನು. ನಾನು ಪಕ್ಕದಲ್ಲಿ ನಿಂತಿರ್ತೀನಿ.

ನಿನ್ನ
ದೊಡ್ಡಮ್ಮ